ಗಾಳದ ಸೀಗಡಿ

ಮಳೆಗಾಲ ಮುಗಿದು ಹೊಳೆ ತಿಳಿಯಾದ ಮೇಲೆ ನನ್ನ ಗಂಡ ಮೀನಿಗೆ ದೋಣಿ ಇಳಿಸುತ್ತಿದ್ದರು. ಗಾಳಕ್ಕೆ ಜೀವಂತ ಸೀಗಡಿಯೇ ಆಗಬೇಕು. ಆರಿಸುವ ಕೆಲಸ ನನ್ನದು. ಬೆರಳು ತಾಗಿಸಿದಾಗ ಚಿಮ್ಮಿದ್ದು ಗಾಳಕ್ಕೆ, ಚಿಮ್ಮದ್ದು ನಮ್ಮ ಸಾರಿಗೆ.

ಅದು ಯುದ್ಧದ ಸಮಯ, ಅಕ್ಕಿ ಸಿಗದ ಕಾಲ. ಮಗಳಿಗೆ ಚಳಿಜ್ವರ ಬಿಟ್ಟಿರಲಿಲ್ಲ.

"ಇವತ್ತು ಹೋಗ್ಬೇಡಿ, ಮಗುವಿಗೆ ಜ್ವರ ಜೋರುಂಟು" ಎಂದೆ.

"ಹೋಗದಿದ್ರೆ ತಿನ್ನುವುದೆಂತ?" ಎಂದವರೇ ಹುಟ್ಟು ಹಿಡಿದು ನಡೆದರು.

ಮಲಗಿದ್ದವಳನ್ನು ಬಿಟ್ಟು, ಸೀಗಡಿಯ ಮಡಕೆಯನ್ನು ಸೊಂಟಕ್ಕೇರಿಸಿ ಹಿಂದೆಯೇ ಹೊರಟೆ. ಸಿಟ್ಟಿನಲ್ಲಿ ಬಿರಬಿರನೆ ನಡೆಯುವ ಹಾಗೂ ಇರಲಿಲ್ಲ. ನೀರು ಕುಲುಕಿದರೆ ಆ ಹಾಳು ಸೀಗಡಿಗಳು ಸಾಯುತ್ತವೆ. ತೋಡು ಸಿಕ್ಕಲ್ಲೆಲ್ಲ ನಿಂತು ನೀರು ಬದಲಿಸಿದೆ. ದೋಣಿ ಮುಟ್ಟುವವರೆಗೆ ಒಂದೂ ಸಾಯಲಿಲ್ಲ.

ಮನೆಗೆ ಬಂದು ಮಗಳ ಪಾದಕ್ಕೆ ಅದೇ ಬೆರಳು ತಾಗಿಸಿದೆ. ಕಾಲು ಅಲುಗಲಿಲ್ಲ. ಮತ್ತೆ ತಾಗಿಸಿದೆ.