ಮೂರನೇ ಚಾಲಕ

ಅವರ ಬಲಗಾಲಿನ ಹೆಬ್ಬೆರಳು ಎಡಗಾಲಿನದಕ್ಕಿಂತ ಅಗಲವಾಗಿತ್ತು. ಚಪ್ಪಲಿಯನ್ನು ಸೀಟಿನ ಹಿಂದೆ ಸಿಕ್ಕಿಸಿ, ಮೂವತ್ತು ವರ್ಷ ಬರಿಗಾಲಲ್ಲೇ ಬ್ರೇಕು ಒತ್ತಿದ ಕಾಲು ಅದು. ಹರಪನಹಳ್ಳಿಯ ಲಾರಿ ಸ್ಟ್ಯಾಂಡಿನಲ್ಲಿ ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಎರಡು ಸಾವಿರದ ಇಸವಿ ಕಳೆದಿತ್ತು. ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಭಾರಿ ಲಾರಿಗಳು ಕಡಿಮೆ ಡೀಸೆಲಿನಲ್ಲಿ ಓಡಬೇಕು, ಮುಂದೊಂದು ದಿನ ತಾವಾಗಿಯೇ ಬ್ರೇಕು ಹಾಕಿಕೊಳ್ಳಬೇಕು ಎಂಬ ಯೋಜನೆ ನಮ್ಮದು. ಕಾಲೇಜು, ಒಬ್ಬ ಲಾರಿ ಮಾಲೀಕರು, ಅವರ ಚಾಲಕರು ಸೇರಿ ನಡೆಸುತ್ತಿದ್ದ ಕೆಲಸ. ವೇಗ, ಗೇರು, ಬ್ರೇಕು ಎಲ್ಲವನ್ನೂ ದಾಖಲಿಸುವ ಪೆಟ್ಟಿಗೆಯೊಂದನ್ನು ಚಾಚಾ ಅವರ ಲಾರಿಗೆ ಜೋಡಿಸಿ, ನೋಟ್‌ಬುಕ್ಕು ಹಿಡಿದು ನಾನು ಪಕ್ಕದಲ್ಲಿ ಕೂರುತ್ತಿದ್ದೆ. ವಾರಕ್ಕೆರಡು ಸಲ ಮೆಕ್ಕೆಜೋಳದ ಲೋಡು, ಕೊಟ್ಟೂರಿನ ಮಾರ್ಗವಾಗಿ ಹಗರಿಬೊಮ್ಮನಹಳ್ಳಿಗೆ.

ಮೊದಲ ದಿನ ಪೆಟ್ಟಿಗೆಯನ್ನು ದಿಟ್ಟಿಸಿ ಕೇಳಿದರು: “ಇದು ಕಲ್ತ ಮ್ಯಾಲೆ ನನ್ನನ್ನ ಮನಿಗೆ ಕಳಿಸ್ತೀರೇನವ್ವಾ?”

“ಅದಕ್ಕಿನ್ನೂ ಬಹಳ ವರ್ಷ ಬೇಕು ಚಾಚಾ.”

“ಹಂಗಾದ್ರ ಕಲೀಲಿ ಬಿಡು. ಕ್ಲೀನರ್ ಹುಡುಗ್ರಂಗ ಇದು ಬೀಡಿ ಕೇಳಂಗಿಲ್ಲ.”

ಮಾತು ಕಡಿಮೆ. ಹೊರಡುವ ಮುನ್ನ ಒಂದೊಂದು ಚಕ್ರವನ್ನೂ ಅಂಗೈಯಿಂದ ತಟ್ಟುತ್ತಿದ್ದರು. ಚಹಾ ನಿಂತೇ ಕುಡಿಯುತ್ತಿದ್ದರು. ಕೊಟ್ಟೂರು ದಾಟಿದ ಮೇಲೆ ಒಂದು ಕಡೆ, ರಸ್ತೆ ಖಾಲಿಯಿದ್ದರೂ ಪ್ರತಿ ಸಲ ವೇಗ ತಗ್ಗಿಸುತ್ತಿದ್ದರು. ಪೆಟ್ಟಿಗೆಯ ಲೆಕ್ಕದಲ್ಲಿ ಅದು ಡೀಸೆಲಿನ ದಂಡ. ಕಾರಣ ಕೇಳಿದೆ.

“ಬಲಕ್ಕ ಬಾವಿ ಐತಿ ನೋಡು. ಹೆಣ್ಮಕ್ಳು ತಲಿ ಮ್ಯಾಲೆ ಕೊಡ ಇಟ್ಕೊಂಡು ರೋಡಿಗೆ ಬರ್ತಾರ. ಕೊಡ ಹೊತ್ತವ್ರು ಕುತ್ತಿಗಿ ತಿರುಗ್ಸಂಗಿಲ್ಲ. ನಾವೇ ನೋಡ್ಬೇಕು.”

ಇದನ್ನು ನಮ್ಮ ಪ್ರೊಫೆಸರಿಗೆ ಹೇಳಿದೆ. ಅವರು ದಾಖಲೆಯ ಪಟ್ಟಿಗೆ ‘ಕಾರಣ’ ಎಂಬ ಹೊಸ ಅಂಕಣ ಸೇರಿಸಿದರು.

ಆರನೆಯ ತಿಂಗಳಲ್ಲಿ ದಾಖಲೆಗಳನ್ನು ಹೋಲಿಸುವಾಗ ಒಂದು ವಿಷಯ ಕಂಡಿತು. ಅವೇ ಜಾಗಗಳಲ್ಲಿ ಚಾಚಾ ಅವರ ಕಾಲು ಮೊದಲಿಗಿಂತ ತಡವಾಗಿ ಬ್ರೇಕಿಗೆ ಹೋಗುತ್ತಿತ್ತು, ತಿಂಗಳಿಂದ ತಿಂಗಳಿಗೆ ಇನ್ನೂ ತಡ. ಪ್ರೊಫೆಸರು, “ಈಗ ಹೇಳಿದರೆ ಅವರು ಓಡಿಸುವ ರೀತಿಯೇ ಬದಲಾಗುತ್ತದೆ. ವರದಿಯಲ್ಲಿ ಬರೆಯೋಣ” ಎಂದರು. ನಾನು ಒಪ್ಪಿದೆ. ಎರಡು ವಾರ ಅವರ ಪಕ್ಕದಲ್ಲಿ ಸುಮ್ಮನೆ ಕೂತೆ.

ಮೂರನೆಯ ವಾರ ಅದೇ ಬಾವಿಯ ಹತ್ತಿರ ಹೆಂಗಸೊಬ್ಬಳು ರಸ್ತೆಗಿಳಿದಳು. ಲಾರಿ ಕಿರುಚಿ, ಅವಳಿಗೆ ಮಾರು ದೂರದಲ್ಲಿ ನಿಂತಿತು. ಕೊಡ ಕೆಳಗೆ ಬಿತ್ತು. ಚಾಚಾ ಇಳಿದು ಕೊಡ ಎತ್ತಿಕೊಟ್ಟು ಮರಳಿ ಬಂದರು. ಅಲ್ಲಿಂದ ಮುಂದೆ ಗಾಡಿಯನ್ನು ಮೆಲ್ಲಗೆ ಓಡಿಸಿದರು.

ಹಗರಿಬೊಮ್ಮನಹಳ್ಳಿಯಲ್ಲಿ ಲೋಡು ಇಳಿಸಿದ ಮೇಲೆ ನಾನು ಎಲ್ಲವನ್ನೂ ಹೇಳಿದೆ.

“ಎಷ್ಟು ದಿನದಿಂದ ಗೊತ್ತಿತ್ತು?”

“ಎರಡು ವಾರ.”

“ನೀನೂ ಗಾಡ್ಯಾಗೇ ಕುಂತಿದ್ದೆಲ್ಲವ್ವಾ” ಎಂದರು. ಬೈಗುಳವಲ್ಲ, ನಾನು ಯಾಕೆ ಹೇಳಲಿಲ್ಲವೆಂದು ನಿಜಕ್ಕೂ ಅವರಿಗೆ ಅರ್ಥವಾಗಿರಲಿಲ್ಲ.

ಆಮೇಲೆ ದೂರದ ಬಸ್ಸೊಂದನ್ನು ತೋರಿಸಿ ಬೋರ್ಡು ಓದು ಎಂದರು. ‘ಹಡಗಲಿ’ ಎಂದು ಓದಿದೆ. “ನನಗ ಅದು ಬರೇ ಬಿಳೀ ಪಟ್ಟಿ” ಎಂದು, ಎಸ್‌ಟಿಡಿ ಬೂತಿಗೆ ಹೋಗಿ ಮಾಲೀಕರಿಗೆ ಫೋನು ಮಾಡಿದರು: “ಬ್ಯಾರೆ ಡ್ರೈವರ್‌ನ ಕಳಿಸ್ರಿ. ನಾ ಇನ್ನ ಓಡ್ಸಂಗಿಲ್ಲ.”

ಸಕ್ಕರೆ ಕಾಯಿಲೆ ಕಣ್ಣಿಗೆ ಹತ್ತಿದೆ, ವಾಸಿಯಾಗುವುದಿಲ್ಲ ಎಂದರು ಡಾಕ್ಟರು. ಚಾಚಾ ಮತ್ತೆ ಸ್ಟೇರಿಂಗು ಮುಟ್ಟಲಿಲ್ಲ. ಆದರೆ ಒಂದು ತಿಂಗಳ ನಂತರ ಅವರಾಗಿಯೇ ಬಂದು, ಹೊಸ ಚಾಲಕನಿಗೂ ನನಗೂ ನಡುವೆ ಕೂತರು. ಊರು, ತಿರುವು, ಹಳ್ಳ ಬಂದಂತೆಲ್ಲ, ಎಲ್ಲಿ ಯಾಕೆ ಕಾಲು ಬ್ರೇಕಿನ ಮೇಲಿರಬೇಕು ಎಂದು ಒಂದು ವರ್ಷ ಹೇಳುತ್ತಾ ಹೋದರು. ‘ಕಾರಣ’ದ ಅಂಕಣ ತುಂಬಿದ್ದು ಅವರ ಮಾತಿನಿಂದ. ನನ್ನ ಪ್ರಬಂಧ ನಿಂತಿರುವುದು ಆ ಅಂಕಣದ ಮೇಲೆ.

ಪ್ರಬಂಧ ಸಿದ್ಧವಾಗಿ, ಒಂದು ಪ್ರತಿ ಹಿಡಿದು ಅವರ ಮನೆಗೆ ಹೋದಾಗ, ಅವರು ತೀರಿಕೊಂಡು ಮೂರು ತಿಂಗಳಾಗಿತ್ತು. ಅವರ ಹೆಂಡತಿ ಪುಸ್ತಕವನ್ನು ಮಡಿಲಲ್ಲಿಟ್ಟು ಹಾಳೆ ತಿರುವಿದರು.

“ಅವ್ರ ಹೆಸ್ರು ಎಲ್ಲೈತವ್ವಾ?”

ಚಾಲಕರ ಹೆಸರು ಬರೆಯಬಾರದೆಂಬುದು ನಿಯಮ. ಅದರಲ್ಲಿ ಅವರು ‘ಮೂರನೇ ಚಾಲಕ’ ಮಾತ್ರ. ಆ ಸಾಲಿನ ಮೇಲೆ ಬೆರಳಿಟ್ಟೆ. ಓದು ಎಂದರು. ಇಂಗ್ಲಿಷಿನ ಸಾಲನ್ನು ಕನ್ನಡಕ್ಕೆ ತಿರುಗಿಸಿ ಓದಿದೆ: ಮೂರನೇ ಚಾಲಕ ವೇಗ ತಗ್ಗಿಸಿದ; ಕಾರಣ, ರಸ್ತೆಯಂಚಿನಲ್ಲಿ ಮುದುಕನೊಬ್ಬ ದಾಟಲೋ ಬೇಡವೋ ಎಂದು ಯೋಚಿಸುತ್ತಿದ್ದ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. “ಹೌದವ್ವಾ. ಇವ್ರು ನಮ್ಮನಿಯವ್ರೇ.”