ಲೆನ್ಸ್ ಚೀಲದ ರೇಷ್ಮೆಗೂಡು

ಇವತ್ತು ರಾಮನಗರ ಬಸ್ ನಿಲ್ದಾಣದ ಮೆಟ್ಟಿಲ ಮೇಲೆ ನನ್ನ ಲೆನ್ಸ್ ಚೀಲ ಕೈಜಾರಿ ಬಿತ್ತು. ಪಕ್ಕದವರು ಅಯ್ಯೋ ಎಂದರು. ನಾನು ಹೆದರಲಿಲ್ಲ.

ನಾನು ಚಿಕ್ಕವನಿದ್ದಾಗ ಚಿಕ್ಕಪ್ಪ ಮದುವೆಗಳ ಫೋಟೊ ತೆಗೆಯುತ್ತಿದ್ದರು. ಅವರ ಲೆನ್ಸ್ ಚೀಲಕ್ಕೆ ಅಜ್ಜಿ, ಮಾರಿ ಉಳಿದ ರೇಷ್ಮೆಗೂಡು ತುಂಬುತ್ತಿದ್ದಳು. ಚಿಕ್ಕಪ್ಪ ಗೊಣಗಿದರೆ, "ಹುಳಾನೇ ಕಾಯೋ ಗೂಡು ಕಣ್ಲಾ, ನಿನ್ ಗಾಜು ಕಾಯಕಿಲ್ವಾ?" ಎನ್ನುತ್ತಿದ್ದಳು.

ಒಮ್ಮೆ ಮಾಗಡಿಯಲ್ಲಿ ನೆಂಟರ ಮದುವೆ. ತಾಳಿ ಕಟ್ಟುವ ಹೊತ್ತಿಗೇ ಚೀಲ ಮಂಟಪದಿಂದ ಕೆಳಗೆ ಬಿತ್ತು. ಚಿಕ್ಕಪ್ಪ ಇಳಿದು ಬಂದು ಚೀಲ ಬಿಚ್ಚಿದರು. ಲೆನ್ಸಿಗೆ ಒಂದು ಗೀರೂ ಆಗಿರಲಿಲ್ಲ. ಗೂಡು ತೂತು ಮಾಡಿ ಆಗಷ್ಟೇ ಹೊರಬಂದ ಬಿಳಿ ಚಿಟ್ಟೆಯೊಂದು ಲೆನ್ಸಿನ ಮೇಲೆ ಕೂತು ರೆಕ್ಕೆ ಒದರುತ್ತಿತ್ತು.

ಅಜ್ಜಿ ಬಗ್ಗಿ ನೋಡಿ, "ಎರಡ್ಕೂ ಏನೂ ಆಗಿಲ್ಲ. ಓಗ್ಲಾ, ಫೋಟೊ ತೆಗಿ" ಎಂದಳು.

ಇವತ್ತು ನನ್ನ ಲೆನ್ಸಿಗೂ ಏನೂ ಆಗಿಲ್ಲ. ನಾನೂ ಗೂಡನ್ನೇ ತುಂಬುತ್ತೇನೆ. ತುಂಬುವ ಮುನ್ನ ಚಿಟ್ಟೆ ಹೊರಬರುವವರೆಗೆ ಕಾಯುತ್ತೇನೆ, ಅಷ್ಟೇ.