ಎನ್ನಿಕ ಅಲ್ಲವ್ವ, ಎಣಿಕೆ

ಆದೋನಿಯಲ್ಲಿ ನರ್ಸಿಂಗ್ ಓದುವ ನನ್ನ ಅಕ್ಕನ ಮಗಳು ತನ್ನ ನಿಶ್ಚಯದ ಹಿಂದಿನ ದಿನವೂ ಪುಸ್ತಕ ಬಿಟ್ಟಿರಲಿಲ್ಲ. ವೀಳ್ಯದೆಲೆ ಒರೆಸುತ್ತ ಕೂತಿದ್ದ ನನ್ನ ಮುಂದೆ ಕಾಲೇಜಿನ ಟೆಸ್ಟ್ ಪೇಪರು ಹಿಡಿದಳು.

"ಮಾಮ, ಎನ್ಯುಮರೇಟ್ ಅಂದ್ರ ಎಣಿಕೆ ಅಂತ ನೀನ ಹೇಳಿದ್ದಿ. ಹಂಗ ಬರದೆ. ಮಾರ್ಕ್ಸ ಹಾಕಿಲ್ಲ ನೋಡು."

ನರ್ಸಿನ ಕರ್ತವ್ಯಗಳನ್ನು ಎನ್ಯುಮರೇಟ್ ಮಾಡಿ ಎಂಬ ಪ್ರಶ್ನೆಗೆ ಇವಳು ತನಗೆ ಮುಖ್ಯವೆನಿಸಿದ ಎರಡನ್ನು ಆರಿಸಿ ಪುಟ ತುಂಬ ವರ್ಣಿಸಿದ್ದಳು. ನನಗೆ ನಗು ಬಂತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಕಲಿತ ನಮ್ಮ ಕಡೆಯವರಿಗಷ್ಟೇ ಆಗುವ ತಪ್ಪು ಅದು. ನಾನು ಹೇಳಿದ 'ಎಣಿಕೆ' ಅವಳ ಕಿವಿಯಲ್ಲಿ ತೆಲುಗಿನ ಎನ್ನಿಕ ಆಗಿತ್ತು. ಎನ್ನಿಕ ಎಂದರೆ ಆಯ್ಕೆ. ಚುನಾವಣೆಗೂ ಅದೇ ಮಾತು.

"ಎನ್ನಿಕ ಅಲ್ಲವ್ವ, ಎಣಿಕೆ. ಇದರಾಗ ಆರಸಂಗಿಲ್ಲ. ಇದ್ದದ್ದನ್ನೆಲ್ಲ ಒಂದೊಂದಾಗಿ ಹೇಳಬೇಕು."

"ಎಷ್ಟು ಅಂತ ಹೇಳಿದ್ರ ಸಾಲದಾ?"

"ಅದು ಕೌಂಟ್ ಆತು. ಯಾವ್ಯಾವು ಅಂತ ಹೇಳಿದ್ರ ಎನ್ಯುಮರೇಟ್. ನಾಳೆ ನಿಮ್ಮ ದೊಡ್ಡಪ್ಪ ಮನಿಮನಿ ಹೆಸರು ಹಿಡದು ಕರೀತಾರಲ್ಲ, ಹಂಗ."

ನಮ್ಮಲ್ಲಿ ನಿಶ್ಚಯದ ದಿನ ಬೀಗರ ಎದುರು ಹಿರಿಯನೊಬ್ಬ ಬಳಗದ ಪ್ರತಿ ಮನೆಯ ಯಜಮಾನನನ್ನು ಹೆಸರು ಹಿಡಿದು ಕರೆದು ಎಲೆ ಅಡಿಕೆ ಕೊಡುತ್ತಾನೆ. ಕರೆದರೆ ಆ ಮನೆ ಬಳಗದಲ್ಲಿ ಉಂಟು, ಕರೆಯದಿದ್ದರೆ ಇಲ್ಲ. ಸಾರಿಗೆ ಉಪ್ಪು ಮರೆತರೆ ಉಂಡು ಹೋಗುತ್ತಾರೆ, ಹೆಸರು ಮರೆತರೆ ಉಣ್ಣದೇ ಹೋಗುತ್ತಾರೆ ಎನ್ನುತ್ತಿದ್ದಳು ನಮ್ಮವ್ವ.

ಹುಡುಗಿ ಪೇಪರು ಮಡಚಿದಳು. "ಹಂಗಾರ ನಮ್ಮ ಚಿಕ್ಕಮ್ಮನ ಮನಿ ಕರೀತಾರಾ?"

ಚಿಕ್ಕಮ್ಮ ಎಂದರೆ ಇವಳಪ್ಪನ ತಮ್ಮನ ಹೆಂಡತಿ; ಮನೆ ಚಿಪ್ಪಗಿರಿಯಲ್ಲಿ. ಇವಳ ಹೈಸ್ಕೂಲು ಮುಗಿದದ್ದು ಅಲ್ಲೇ, ಅವಳ ಕೈಯಡುಗೆ ಉಂಡೇ. ಚಿಕ್ಕಪ್ಪ ತೀರಿಕೊಂಡ ಮೇಲೆ ಬಳಗದ ಯಾವ ಕಾರ್ಯದಲ್ಲೂ ಆ ಮನೆಯನ್ನು ಕರೆದಿರಲಿಲ್ಲ. ಕರೆಯಲು ಗಂಡಸಿನ ಹೆಸರಿಲ್ಲವಲ್ಲ! ನಾನು ಎಲೆ ಒರೆಸುವುದನ್ನು ಮುಂದುವರಿಸಿದೆ.

ಮರುದಿನ ಹತ್ತಿ ವ್ಯಾಪಾರದ ದೊಡ್ಡಪ್ಪ ಮಾರುಕಟ್ಟೆಯ ಗಂಟಲಿನಲ್ಲಿ ಕರೆದರು. ಹೊಳಗುಂದದ ಮನೆ ಎದ್ದಿತು, ಮಾಧವರಂ ಮನೆ ಎದ್ದಿತು. ಚಿಕ್ಕಮ್ಮ ಹಿಂದೆ, ಅಡುಗೆ ಮನೆಯ ಬಾಗಿಲಿಗೆ ಒರಗಿ ಕೂತಿದ್ದಳು. "ಆತಲ್ಲ?" ಎಂದು ದೊಡ್ಡಪ್ಪ ಕೈ ಒರೆಸಿಕೊಂಡರು.

"ದೊಡ್ಡಪ್ಪಾ, ಚಿಪ್ಪಗಿರಿ ಮನಿ ಉಳದೈತಿ." ಮಣೆಯ ಮೇಲಿಂದ ಮದುಮಗಳೇ ಹೇಳಿದಳು.

"ಸುಮ್ನ ಕುಂದ್ರವ್ವ. ಯಾರ ಹೆಸರಿಗೆ ಕರೀಲಿ?"

"ಚಿಕ್ಕಮ್ಮಗ ಹೆಸರಿಲ್ಲೇನು?"

ಬೀಗರು ಮುಖ ಮುಖ ನೋಡಿಕೊಂಡರು. ದೊಡ್ಡಪ್ಪ ನನ್ನ ಅಕ್ಕನ ಕಡೆ ಬಾಗಿ, "ಆಕಿ ಹೆಸರೇನಬೇ?" ಎಂದು ಪಿಸುಗುಟ್ಟಿದರು. ತಮ್ಮನ ಹೆಂಡತಿಯನ್ನು ಭಾವ ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಇಷ್ಟು ವರ್ಷ 'ಚಿಪ್ಪಗಿರಿಯಾಕಿ' ಎಂಬುದರಲ್ಲೇ ನಡೆದುಹೋಗಿತ್ತು. ಅಕ್ಕ ಹೇಳಿದಳು. ಅವರು ಆ ಹೆಸರನ್ನು ಬಿಸಿ ತುತ್ತಿನಂತೆ ಬಾಯಲ್ಲಿ ಆಚೀಚೆ ಮಾಡಿ, ಮೆಲ್ಲಗೆ ಕರೆದರು.

ಚಿಕ್ಕಮ್ಮ ಅಲುಗಲಿಲ್ಲ.

"ಏಳಬೇ, ನಿನ್ನನ್ನೇ ಕರ್ದಾರ" ಎಂದು ಪಕ್ಕದವಳು ತಿವಿದಳು.

"ಬೀಗರಿಗೆ ಕೇಳಂಗ ಕರೀಲಿ, ಏಳ್ತೀನಿ."

ಯಾರೋ ನಕ್ಕರು. ದೊಡ್ಡಪ್ಪನೂ ನಗಲೇಬೇಕಾಯಿತು. ಗಂಟಲು ಸರಿಮಾಡಿಕೊಂಡು, ಹತ್ತಿ ಹರಾಜು ಕೂಗುವ ದನಿಯಲ್ಲಿ ಮತ್ತೆ ಕರೆದರು. ಅವಳು ಎದ್ದು, ಎಲ್ಲರ ನಡುವೆ ಹಾದು ಬಂದು, ಸೆರಗು ಒಡ್ಡಿ ಎಲೆ ಅಡಿಕೆ ಇಸಿದುಕೊಂಡಳು.